ದಂಪತಿಗಳ ರವಿವಾರದ ಸಂಚಾರ



ಕೆಲವು ವರ್ಷಗಳಿಂದ ಈಚೆಗೆ ನಮ್ಮ ಕೃಷ್ಣಾ-ಘಟಪ್ರಭಾ ಸೀಮೆಯಲ್ಲಿ ಒಂದು ಹೊಸ ರೂಢಿಯು ಕಾಣಬರುತ್ತಿದೆ. ಶನಿವಾರ ರಾತ್ರಿಯೇ ಬುತ್ತಿಯ ಏರ್ಪಾಟು ಮಾಡಿಕೊಂಡು, ರವಿವಾರ ಬೆಳಗಿನ ಪೂಜೆಯನ್ನು ತೀರಿಸಿ, ಹರೆಯದ ದಂಪತಿಗಳು ಮೋಟಾರ್ ಸೈಕಲ್ಲನ್ನೇರಿ ಊರ ಹೊರಗೆ ಸಾಗುತ್ತಾರೆ. ಹೋಗುವುದು ಮದುವೆಗಲ್ಲ, ಜಾತ್ರೆಗಲ್ಲ, ನಂಟರ ಮನೆಯ ಕಾರ್ಯಕ್ಕೂ ಅಲ್ಲ. ಒಂದು ಊರಿನ ಗುಡಿ, ಇನ್ನೊಂದರ ಕೋಟೆ, ಮತ್ತೊಂದರ ಉದ್ಯಾನವನ ನೋಡಿಕೊಂಡು ಸಂಜೆಯೊಳಗೆ ಮನೆ ಸೇರುತ್ತಾರೆ.

ಈ ವಿಷಯವಾಗಿ ಮನೆಮನೆಗಳಲ್ಲಿ ಸಣ್ಣ ಅಸಮಾಧಾನಗಳು ಹುಟ್ಟಿರುವುದನ್ನು ನಾವು ಬಲ್ಲೆವು. ಬನಹಟ್ಟಿಯ ನೇಕಾರ ಮನೆತನದ ಹಿರಿಯ ತಾಯಿಯೊಬ್ಬರು ನಮ್ಮ ಮುಂದೆ ತಮ್ಮ ದೂರನ್ನು ಹೀಗೆ ಇಟ್ಟರು: "ಜಾತ್ರಿಗೆ ಹೋಗೂದು ಗೊತ್ತ್ರಿ, ತವರಿಗೆ ಹೋಗೂದು ಗೊತ್ತ್ರಿ. ಸುಮ್ಮನ ಹೋಗೂದಂದ್ರ ಏನ್ರಿ, ಗುರುಗಳ?" ಪ್ರಶ್ನೆ ಸರಳವಾಗಿದೆ, ಆದರೆ ಹಗುರವಾದುದಲ್ಲ. ಸಂಸಾರದಲ್ಲಿ ಇಬ್ಬರು 'ಸುಮ್ಮನೆ' ಜೊತೆಯಾಗಿ ಹೋಗುವುದಕ್ಕೆ ಅರ್ಥವಿದೆಯೇ? ಇದ್ದರೆ ಅದು ಯಾವ ಬಗೆಯಲ್ಲಿ ನಡೆಯಬೇಕು? ಈ ಎರಡು ಮಾತುಗಳನ್ನು ಈ ತಿಂಗಳು ವಿಚಾರಿಸೋಣ.

ನಮ್ಮ ಹಿಂದಿನವರು ಸಂಚಾರಿಗಳೇ ಆಗಿದ್ದರು. ಸವಾರಿ ಬಂಡಿ ಕಟ್ಟಿ ಕೂಡಲಸಂಗಮಕ್ಕೆ, ಶ್ರೀಶೈಲಕ್ಕೆ ಹೋಗಿಬಂದ ಕಥೆಗಳು ಪ್ರತಿಯೊಂದು ಮನೆತನದಲ್ಲಿಯೂ ಇವೆ. ಆದರೆ ಆ ಬಂಡಿಯಲ್ಲಿ ಮನೆಯೆಲ್ಲ ಇರುತ್ತಿತ್ತು. ಗಂಡನು ಮುಂದೆ ಎತ್ತುಗಳನ್ನು ಹೊಡೆಯುವನು, ಹೆಂಡತಿಯು ಹಿಂದೆ ಅತ್ತೆ-ನಾದಿನಿಯರ ನಡುವೆ ಕೂಸನ್ನು ತಟ್ಟುತ್ತ ಕೂಡುವಳು. ಗಂಡಹೆಂಡಿರು ಒಂದೇ ಬಂಡಿಯಲ್ಲಿ ಹತ್ತು ದಿನ ಪ್ರಯಾಣ ಮಾಡಿದರೂ ಹತ್ತು ಮಾತನ್ನು ಆಡುತ್ತಿರಲಿಲ್ಲ. ಮೋಟಾರ್ ಸೈಕಲ್ಲು ಈ ಪದ್ಧತಿಯನ್ನು ಬದಲಿಸಿತು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಲ್ಲಿ ಗಾಡಿಗಳನ್ನು ತಯಾರಿಸತೊಡಗಿತು. ಅಲ್ಲಿಯ ಜಾವಾ, ಆಮೇಲಿನ ಯೆಜ್ದಿ ನಮ್ಮ ಕಡೆಯ ಹಳ್ಳಿಗಳಿಗೂ ಬಂದವು. ಜನರು ಅದರ ಸದ್ದನ್ನೇ ಹೆಸರು ಮಾಡಿ 'ಫಟಫಟಿ' ಎಂದರು. ಆ ಕಾರ್ಖಾನೆಯು ೧೯೯೬ರಲ್ಲಿ ಮುಚ್ಚಿತು. ಅಷ್ಟರಲ್ಲಿ ಕಡಿಮೆ ಎಣ್ಣೆ ಕುಡಿಯುವ ಹಗುರ ಗಾಡಿಗಳು ಮನೆಮನೆಗೆ ಬಂದಿದ್ದವು. ಇಬ್ಬರೇ ಕೂಡಬಲ್ಲ ವಾಹನವು ಹೀಗೆ ಸಾಮಾನ್ಯ ಸಂಸಾರದ ಕೈಗೆ ಮೊದಲ ಬಾರಿಗೆ ಸಿಕ್ಕಿತು.

ಇದರ ಬೆಲೆಯನ್ನು ಅರಿಯಬೇಕಾದರೆ ನೇಕಾರರ ಮನೆಯೊಳಗೆ ಒಂದು ದಿನ ಕುಳಿತು ನೋಡಬೇಕು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಮಗ್ಗಗಳ ಸಪ್ಪಳ. ಮಗ್ಗ, ಅಡುಗೆ, ಮಕ್ಕಳ ಓದು, ಹಿರಿಯರ ಔಷಧಿ ಎಲ್ಲವೂ ಆ ಸಪ್ಪಳದ ನಡುವೆಯೇ. ಮೇಲೆ ಹೇಳಿದ ತಾಯಿಯವರ ಸೊಸೆಯನ್ನೂ ನಾವು ಮಾತನಾಡಿಸಿದೆವು. ಆಕೆ ತಲೆತಗ್ಗಿಸಿಕೊಂಡೇ ಹೇಳಿದಳು: "ಹತ್ತು ವರ್ಷದಾಗ ನಮ್ಮಿಬ್ಬರ ಮಾತು ನೂಲಿನ ರೇಟು, ಸಾಲದ ಕಂತು, ಮಕ್ಕಳ ಫೀ ಇಷ್ಟ ಆಗಿತ್ರಿ. ಗಾಡಿ ಮ್ಯಾಲ ಕುಂತಾಗ ಗಾಳಿಗೆ ಮಾತು ಕೇಳಂಗಿಲ್ಲ, ಖರೆ. ಗಿಡದ ಬುಡಕ ಇಳದು ಬುತ್ತಿ ಬಿಚ್ಚಿದ ಮ್ಯಾಲ ಮಾತು ತಾನ ಬರ್ತೈತ್ರಿ." ಅತ್ತೆಯವರ ಪ್ರಶ್ನೆಗೆ ಸೊಸೆಯ ಈ ಮಾತೇ ಉತ್ತರವೆಂದು ನಾವು ತಿಳಿಯುತ್ತೇವೆ. ಕೆಲಸದ ಮಾತಲ್ಲದ ಮಾತು ಇಲ್ಲದ ದಾಂಪತ್ಯವು ಒಣಗುತ್ತದೆ. ಅದಕ್ಕೆ ತಿಂಗಳಿಗೆ ಒಂದೆರಡು ದಿನ ನೀರುಣಿಸುವುದು ದುಂದಲ್ಲ, ಸೋಮಾರಿತನವೂ ಅಲ್ಲ.

ಹಾಗೆಂದು ಅತ್ತೆಯವರ ದೂರಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಇವರು ಹೋದ ದಿನ ಮನೆಯ ಭಾರವೆಲ್ಲ ಅವರ ಹೆಗಲಿಗೆ ಬೀಳುತ್ತದೆ. ಆದುದರಿಂದ ದಂಪತಿಗಳು ಎರಡು ದಿನ ಮೊದಲೇ ಹಿರಿಯರಿಗೆ ತಿಳಿಸಿ, ಮನೆಗೆಲಸವನ್ನು ಮುಗಿಸಿ, ಒಪ್ಪಿಗೆಯನ್ನು ಪಡೆದು ಹೊರಡುವುದು ಯೋಗ್ಯವು. ವರ್ಷಕ್ಕೆ ಒಂದೆರಡು ಸಲ ಹಿರಿಯರನ್ನೂ ಮಕ್ಕಳನ್ನೂ ಬಸ್ಸಿನಲ್ಲಿ ಅದೇ ಸ್ಥಳಗಳಿಗೆ ಕರೆದೊಯ್ದರೆ 'ಸುಮ್ಮನೆ ಹೋಗುವುದರ' ರುಚಿ ಅವರಿಗೂ ತಿಳಿದೀತು.

ಇನ್ನು ನೋಡುವುದಕ್ಕೆ ಏನಿದೆ ಎಂಬ ಮಾತು. ದೂರದ ಊಟಿ, ಗೋವೆಗಳ ಹಂಬಲದಲ್ಲಿ ನಮ್ಮ ಕಾಲಬುಡವನ್ನು ನಾವು ಕಾಣುವುದಿಲ್ಲ. ರಬಕವಿ-ಬನಹಟ್ಟಿಯಿಂದ ಹೊರಟು ಜಮಖಂಡಿ, ಬೀಳಗಿ, ಮುಧೋಳ, ಮಹಾಲಿಂಗಪುರಗಳ ಮೇಲೆ ಹಾಯ್ದು ಮರಳಿದರೆ ಇಡೀ ಸುತ್ತು ೧೫೦ ಕಿಲೋಮೀಟರಿನ ಆಸುಪಾಸಿನಲ್ಲಿ ಮುಗಿಯುತ್ತದೆ. ೧೯೪೮ಕ್ಕಿಂತ ಮೊದಲು ಇದೇ ಸುತ್ತಿನಲ್ಲಿ ನಾಲ್ಕು ಆಡಳಿತಗಳನ್ನು ದಾಟಬೇಕಾಗಿತ್ತು. ರಬಕವಿ, ತೇರದಾಳಗಳು ಸಾಂಗಲಿ ಸಂಸ್ಥಾನದವು, ಬನಹಟ್ಟಿಯು ಪಟವರ್ಧನರ ಜಮಖಂಡಿ ಸಂಸ್ಥಾನದ್ದು, ಮುಧೋಳವು ಘೋರ್ಪಡೆಯವರದು, ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಯದು. ಈಗ ಎಲ್ಲವೂ ೧೯೯೭ರಲ್ಲಿ ರಚಿತವಾದ ಬಾಗಲಕೋಟೆ ಜಿಲ್ಲೆಯೊಳಗಿವೆ. ಒಂದೇ ರವಿವಾರದಲ್ಲಿ ಎಲ್ಲವನ್ನೂ ನೋಡುವ ಆತುರ ಬೇಡ. ಮೂರು ರವಿವಾರಗಳಿಗೆ ಹಂಚಿಕೊಂಡರೆ ಮೈಗೂ ಹಿತ, ಮನಸ್ಸಿಗೂ ಹಿತ.

ಮೊದಲನೆಯ ರವಿವಾರ ತೇರದಾಳ ಮತ್ತು ಜಮಖಂಡಿ. ತೇರದಾಳದಲ್ಲಿ ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಮಾಂಡಲಿಕ ಗೊಂಕನು ಕಟ್ಟಿಸಿದ ನೇಮಿನಾಥ ಬಸದಿಯಿದೆ. ಅದೇ ಊರಲ್ಲಿ ಅಲ್ಲಮಪ್ರಭುವಿನ ದೇವಾಲಯವೂ ಇದೆ. ಎರಡು ಮತಗಳ ನೆನಪು ಒಂದೇ ಊರಿನಲ್ಲಿ ನೆರೆಹೊರೆಯಾಗಿ ಉಳಿದಿರುವುದನ್ನು ಕಂಡು ಬರಬೇಕು. ಜಮಖಂಡಿಯಲ್ಲಿ ರಾಮತೀರ್ಥದ ಗುಡ್ಡ, ಅಲ್ಲಿಯ ಪಟವರ್ಧನರ ಅರಮನೆ. ಕನ್ನಡ ಸಂತರ ಹಾಗೂ ವಚನಕಾರರ ಸಾಧನಾಮಾರ್ಗವನ್ನು ಇಂಗ್ಲಿಷಿನಲ್ಲಿ ಜಗತ್ತಿಗೆ ಪರಿಚಯಿಸಿದ ತತ್ತ್ವಜ್ಞಾನಿ ಗುರುದೇವ ರಾನಡೆಯವರು ಹುಟ್ಟಿದ್ದು ೧೮೮೬ರ ಜುಲೈ ೩ರಂದು ಈ ಜಮಖಂಡಿಯಲ್ಲಿಯೇ. ಅಲ್ಲಿಂದ ಮುಂದೆ ಚಿಕ್ಕಪಡಸಲಗಿಗೆ ಹೋದರೆ ಕೃಷ್ಣೆಗೆ ಅಡ್ಡಲಾಗಿ ನಿಂತ 'ಶ್ರಮಬಿಂದು ಸಾಗರ'ವು ಕಾಣುತ್ತದೆ. ಸರಕಾರದ ದಾರಿ ಕಾಯದೆ ೧೯೮೯ರಲ್ಲಿ ರೈತರೇ ತಮ್ಮ ಹಣ, ತಮ್ಮ ದುಡಿಮೆಗಳಿಂದ ಕಟ್ಟಿಕೊಂಡ ಬ್ಯಾರೇಜು ಅದು. ಅದರ ಮುಂದಾಳುತನ ವಹಿಸಿ 'ಬ್ಯಾರೇಜ್ ಸಿದ್ದು' ಎಂದೇ ಹೆಸರಾದ ಸಿದ್ದು ನ್ಯಾಮಗೌಡರು ೧೯೯೧ರಲ್ಲಿ ಬಾಗಲಕೋಟೆ ಕ್ಷೇತ್ರದಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೆ ಹೋದರು. ಕಾಯಕವೆಂಬ ಶಬ್ದಕ್ಕೆ ಕಣ್ಣೆದುರಿನ ಅರ್ಥ ಬೇಕಾದವರು ಆ ಕಟ್ಟೆಯ ಮೇಲೆ ಅರ್ಧ ತಾಸು ನಿಂತು ಬರಲಿ.

ಎರಡನೆಯ ರವಿವಾರ ಬೀಳಗಿಯ ಕಡೆಗೆ. ಆಲಮಟ್ಟಿಯ ಜಲಾಶಯವು ೫೧೯.೬೦ ಮೀಟರಿನ ಪೂರ್ಣ ಮಟ್ಟಕ್ಕೆ ತುಂಬಿದಾಗ ಅದರ ಹಿನ್ನೀರು ಬೀಳಗಿ ತಾಲೂಕಿನ ಉದ್ದಕ್ಕೂ ಹರಡುತ್ತದೆ. ಈ ನೀರಿನ ಕೆಳಗೆ ಎಷ್ಟೋ ಕುಟುಂಬಗಳ ಹೊಲ, ಮನೆ, ಹಿರಿಯರ ಸಮಾಧಿಗಳು ಇವೆಯೆಂಬುದನ್ನು ನೆನೆದು ನೋಡಿದರೆ ಆ ನೋಟವೇ ಬೇರೆ. ಘಟಪ್ರಭೆಯು ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮವೂ ಈ ತಾಲೂಕಿನಲ್ಲಿಯೇ ಇದೆ. ಹಿನ್ನೀರು ಏರಿದಾಗ ಅಲ್ಲಿಯ ದೇವಾಲಯವನ್ನು ನೀರು ಸುತ್ತುವರಿಯುತ್ತದೆ. ಕೊರ್ತಿಯ ಬಳಿಯ ಉದ್ದನೆಯ ಸೇತುವೆಯನ್ನು ದಾಟಿದರೆ ಆಚೆ ದಡದಲ್ಲಿ ಕೊಲ್ಹಾರ. ಅಲ್ಲಿಯ ಮಣ್ಣಿನ ಗಡಿಗೆಯ ಗಟ್ಟಿ ಮೊಸರಿನ ಜೊತೆಗೆ ಮನೆಯ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಯಾವ ಹೋಟೆಲಿನ ಊಟವೂ ಅದಕ್ಕೆ ಸಮನಲ್ಲ.

ಬೀಳಗಿ-ಮುಧೋಳ ತಾಲೂಕುಗಳ ಕುರುಚಲು ಗುಡ್ಡಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ. ಸುಮಾರು ೯೬ ಚದರ ಕಿಲೋಮೀಟರಿನ ಈ ಪ್ರದೇಶವನ್ನು ೨೦೧೬ರಲ್ಲಿ ವನ್ಯಧಾಮವೆಂದು ಘೋಷಿಸಲಾಯಿತು. ಚಿಂಕಾರವೆಂದರೆ ನಮ್ಮ ಒಣ ಸೀಮೆಯ ಸಣ್ಣ ಹುಲ್ಲೆ. ಹೆಚ್ಚು ನೀರನ್ನು ಬೇಡದೆ, ಬಯಲಿನ ಮುಳ್ಳುಕಂಟಿಗಳ ಎಲೆ ತಿಂದು ಬದುಕುವ ಅಂಜುಬುರುಕ ಪ್ರಾಣಿ. ಗಾಡಿಯ ಸದ್ದಿಗೆ ಅದು ಮರೆಯಾಗುತ್ತದೆ. ಅಲ್ಲಿ ಹಾರ್ನ್ ಬಾರಿಸದೆ, ರಸ್ತೆಯನ್ನು ಬಿಟ್ಟು ಗಾಡಿಯನ್ನು ಓಡಿಸದೆ, ಪ್ಲಾಸ್ಟಿಕ್ ಚೀಲವನ್ನು ಎಸೆಯದೆ ಬರುವುದೇ ಜೀವದಯೆ. ಅರಣ್ಯ ಇಲಾಖೆಯ ಅನುಮತಿ ಬೇಕಾದ ಕಡೆ ಅದನ್ನು ಕೇಳಿಯೇ ಒಳಗೆ ಹೋಗಬೇಕು. ಉದ್ಯಾನವನಗಳನ್ನೇ ಬಯಸುವವರಿಗೆ ಆಲಮಟ್ಟಿಯಿದೆ. ೧೯೬೪ರ ಮೇ ೨೨ರಂದು ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಆ ಅಣೆಕಟ್ಟಿನ ಮಗ್ಗುಲಲ್ಲಿ ಶಿಲಾ ಉದ್ಯಾನ, ಮೊಘಲ್ ಮಾದರಿಯ ತೋಟ, ಸಂಗೀತ ಕಾರಂಜಿಗಳಿವೆ. ಅದು ತುಸು ದೂರದ ಹಾದಿ. ಕಾರಂಜಿಯನ್ನು ನೋಡಬೇಕಾದರೆ ರಾತ್ರಿಯಾಗುತ್ತದೆ. ಆದುದರಿಂದ ಅಲ್ಲಿಗೆ ಹೋದವರು ಅಲ್ಲಿಯೋ, ಬಾಗಲಕೋಟೆಯ ನಂಟರ ಮನೆಯಲ್ಲಿಯೋ ತಂಗಿ ಬೆಳಗಿಗೆ ಮರಳುವುದು ಲೇಸು.

ಮೂರನೆಯ ರವಿವಾರ ಮುಧೋಳ ಮತ್ತು ಮಹಾಲಿಂಗಪುರ. ಕ್ರಿ.ಶ. ೯೪೯ರಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗನು ವಿದ್ಯೆಯನ್ನರಸಿ ಶ್ರವಣಬೆಳಗೊಳದವರೆಗೆ ಹೋಗಿ, 'ಗದಾಯುದ್ಧ'ದ ಕವಿ ರನ್ನನಾದನು. ನಮ್ಮ ಸೀಮೆಯ ದೊಡ್ಡ ಸಂಚಾರಿಗಳಲ್ಲಿ ಆತನೂ ಒಬ್ಬನೆಂದು ನಾವು ಎಣಿಸುತ್ತೇವೆ. ಮುಧೋಳದ ಬೇಟೆನಾಯಿಗಳನ್ನು ಮಾಲೋಜಿರಾವ ಘೋರ್ಪಡೆಯವರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರು. ೨೦೦೫ರಲ್ಲಿ ಆ ತಳಿಯು ಭಾರತದ ಅಂಚೆಚೀಟಿಯ ಮೇಲೆ ಬಂತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಅದರ ಸಂಶೋಧನಾ ಕೇಂದ್ರವಿದೆ. ಮರಳುವ ಹಾದಿಯಲ್ಲಿ ಮಹಾಲಿಂಗಪುರದ ಮಹಾಲಿಂಗೇಶ್ವರನ ದರ್ಶನ ಪಡೆದು, ಅಲ್ಲಿಯ ಹೆಸರುವಾಸಿಯಾದ ಬೆಲ್ಲವನ್ನು ಮನೆಯ ಹಿರಿಯರಿಗೆಂದು ಕಟ್ಟಿಸಿಕೊಂಡರೆ ಆ ದಿನದ ಸಂಚಾರವು ಸಂಪನ್ನವಾಯಿತು. ಮಳೆಗಾಲದಲ್ಲಿ ಮಾತ್ರ ಹೊರಡುವ ಮೊದಲು ಸೇತುವೆಗಳ ಸುದ್ದಿಯನ್ನು ಕೇಳಿಕೊಳ್ಳಬೇಕು. ೨೦೧೯ರ ಅಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಬಂದಾಗ ಈ ಸೀಮೆ ಅನುಭವಿಸಿದ ಸಂಕಟವನ್ನು ಯಾರೂ ಮರೆತಿಲ್ಲ. ನೀರು ಹರಿಯುವ ಸೇತುವೆಯ ಮೇಲೆ ಗಾಡಿಯನ್ನು ಇಳಿಸುವುದು ಧೈರ್ಯವಲ್ಲ.

ಇಷ್ಟು ಸಂತೋಷದ ಮಾತಾಯಿತು. ಇನ್ನು ಈ ಲೇಖನದ ಮುಖ್ಯ ಮಾತಿಗೆ ಬರುತ್ತೇವೆ. ಹೋದವರು ಮರಳಿ ಮನೆ ಸೇರಬೇಕು.

೨೦೨೨ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಜನ ಮಡಿದರೆಂದು ಕೇಂದ್ರ ಸರಕಾರದ ವರದಿಯು ಹೇಳುತ್ತದೆ. ಅವರಲ್ಲಿ ೭೪,೮೯೭ ಜನ ದ್ವಿಚಕ್ರ ವಾಹನದವರು. ಶಿರಸ್ತ್ರಾಣ, ಎಂದರೆ ಹೆಲ್ಮೆಟ್, ಧರಿಸದೆ ಸತ್ತವರು ೫೦,೦೨೯. ಅವರಲ್ಲಿ ೧೪,೩೩೭ ಜನ ಹಿಂದೆ ಕುಳಿತವರು. ಈ ಕೊನೆಯ ಅಂಕಿಯನ್ನು ದಂಪತಿಗಳು ಮತ್ತೊಮ್ಮೆ ಓದಲಿ. ನಮ್ಮ ಕಡೆ ಗಂಡನು ಪೋಲೀಸರ ಭಯಕ್ಕೆ ಹೆಲ್ಮೆಟ್ ಹಾಕಿಕೊಳ್ಳುತ್ತಾನೆ. ಹಿಂದೆ ಕುಳಿತ ಹೆಂಡತಿಯ ತಲೆಯ ಮೇಲೆ ಸೆರಗು ಮಾತ್ರ ಇರುತ್ತದೆ. ಹಿಂದಿನ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ಕರ್ನಾಟಕದಲ್ಲಿ ೨೦೧೬ರ ಜನವರಿಯಲ್ಲಿಯೇ ಆದೇಶವಾಗಿದೆ. ಹೆಲ್ಮೆಟ್ ಧರಿಸಿದವರಿಗೆ ತಲೆಯ ಪೆಟ್ಟಿನ ಅಪಾಯವು ನೂರಕ್ಕೆ ೬೯ರಷ್ಟು, ಸಾವಿನ ಅಪಾಯವು ೪೨ರಷ್ಟು ಕಡಿಮೆಯೆಂದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವೈದ್ಯ ವಿದ್ವಾಂಸರು ಕಂಡಿದ್ದಾರೆ. ಒಂದೇ ಹೆಲ್ಮೆಟ್ ಇರುವ ಮನೆಯಲ್ಲಿ ಇಬ್ಬರ ಸಂಚಾರವನ್ನು ಎರಡನೆಯದನ್ನು ಕೊಳ್ಳುವವರೆಗೆ ಮುಂದೂಡಬೇಕು.

ಎರಡನೆಯ ಅಪಾಯವು ಸೀರೆಯದು. ಸೀರೆಯನ್ನೇ ನೇಯ್ದು ಬದುಕುವ ಊರಿನ ಹೆಣ್ಣುಮಗಳ ಸೆರಗು ಗಾಲಿಗೆ ಸಿಕ್ಕಿ ಆಕೆ ನೆಲಕ್ಕೆ ಬೀಳುವುದೆಂದರೆ ಅದು ಎಂಥ ವಿಪರ್ಯಾಸ! ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ೧೨೩ನೆಯ ನಿಯಮದಂತೆ ಹಿಂಬದಿ ಆಸನವುಳ್ಳ ಪ್ರತಿಯೊಂದು ಮೋಟಾರ್ ಸೈಕಲ್ಲಿಗೂ ಹಿಡಿಕೆ, ಕಾಲಿಡುವ ಆಸರೆ ಮತ್ತು ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ಕಾವಲು ಇರಲೇಬೇಕು. ಚೆಂದ ಕಾಣಲೆಂದು ಆ ಕಾವಲನ್ನು ಬಿಚ್ಚಿಸುವ ಹುಡುಗರು ತಮ್ಮ ಹೆಂಡಿರ ರಕ್ಷಣೆಯನ್ನೇ ಬಿಚ್ಚಿಸುತ್ತಿದ್ದಾರೆ. ಸೀರೆಯುಟ್ಟವರು ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಚೂಡಿದಾರದವರು ವೇಲನ್ನು ಕಟ್ಟಿಕೊಳ್ಳಬೇಕು.

ಇಲ್ಲಿ ಹಿರಿಯ ತಾಯಂದಿರಿಗೆ ನಮ್ಮದೊಂದು ವಿಶೇಷ ವಿಜ್ಞಾಪನೆ. ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂಡುವುದರಲ್ಲಿ ಮೈಯ ತೂಕ ಸಮನಾಗಿರುವುದಿಲ್ಲ. ಕುಣಿ ಬಂದಾಗ, ಬ್ರೇಕ್ ಹಿಡಿದಾಗ ಆಧಾರ ತಪ್ಪುತ್ತದೆ. ಎರಡೂ ಕಡೆ ಕಾಲಿಟ್ಟು ಕೂಡುವುದು ಸುರಕ್ಷಿತ. ಸೊಸೆಯು ಅದಕ್ಕೆ ತಕ್ಕ ಉಡುಪನ್ನು ತೊಟ್ಟರೆ 'ಮಾನ ಹೋಯಿತು' ಎನ್ನಬೇಡಿರಿ. ಕಿತ್ತೂರಿನ ರಾಣಿ ಚೆನ್ನಮ್ಮನು ಕುದುರೆಯನ್ನೇರಿದ ಪ್ರತಿಮೆಗೆ ನಾವೆಲ್ಲರೂ ಹೂಮಾಲೆ ಹಾಕುತ್ತೇವೆ. ಆಕೆ ಕುದುರೆಯ ಮೇಲೆ ಹೇಗೆ ಕುಳಿತಿದ್ದಳೆಂದು ಯಾರೂ ಆಕ್ಷೇಪಿಸಿದ್ದಿಲ್ಲ. ರಾಣಿಗೆ ಶೋಭಿಸಿದ್ದು ನಮ್ಮ ಸೊಸೆಗೆ ಶೋಭಿಸದೆ ಹೋದೀತೇ?

ಮೂರನೆಯದು ರಾತ್ರಿಯ ಹಾದಿ. ನಮ್ಮದು ಕಬ್ಬಿನ ಸೀಮೆ. ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯ ಮೊದಲವರೆಗೆ ಕಾರ್ಖಾನೆಗಳು ನಡೆಯುವಾಗ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಯನ್ನು ತುಂಬುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಕೆಟ್ಟು ನಿಂತರೆ ಅವು ಕತ್ತಲೆಯಲ್ಲಿ ಕರಿಗೋಡೆಗಳೇ ಸರಿ. ಲೆಕ್ಕ ಹಾಕಿ ನೋಡಿರಿ. ತಾಸಿಗೆ ೬೦ ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿಯು ಒಂದು ಸೆಕೆಂಡಿನಲ್ಲಿ ಸುಮಾರು ೧೭ ಮೀಟರ್ ಮುಂದೆ ಸಾಗುತ್ತದೆ. ಕಣ್ಣು ಕಂಡು ಕೈ ಬ್ರೇಕನ್ನು ಹಿಡಿಯುವುದಕ್ಕೇ ಒಂದು ಸೆಕೆಂಡು ಬೇಕು. ಹಿಡಿದ ಮೇಲೆ ಗಾಡಿ ನಿಲ್ಲಲು ಇನ್ನೂ ಇಪ್ಪತ್ತು ಮೀಟರಿನಷ್ಟು ಬೇಕು. ಇಬ್ಬರ ಭಾರವಿದ್ದು, ಟೈರು ಸವೆದಿದ್ದರೆ ಇನ್ನಷ್ಟು. ಎದುರಿನ ವಾಹನದ ಬೆಳಕು ಕಣ್ಣಿಗೆ ಹೊಡೆದಾಗ ಮುಂದಿನ ನಾಲ್ವತ್ತು ಮೀಟರು ಕಾಣುವುದೇ? ಕಾಣದು. ಆದುದರಿಂದ ಕಬ್ಬಿನ ಹಂಗಾಮಿನಲ್ಲಿ ಹೊತ್ತು ಮುಳುಗುವುದರೊಳಗೆ ಮನೆ ಸೇರುವ ನಿಯಮವನ್ನು ದಂಪತಿಗಳು ವ್ರತದಂತೆ ಪಾಲಿಸಬೇಕು. ತಡವಾಯಿತೆಂದು ವೇಗವನ್ನು ಹೆಚ್ಚಿಸಬಾರದು. ಮನೆಗೆ ಫೋನು ಮಾಡಿ ತಿಳಿಸಿ ನಿಧಾನವಾಗಿ ಬರಬೇಕು. ಟ್ರ್ಯಾಕ್ಟರ್ ಇರುವ ನಮ್ಮ ರೈತ ಮನೆತನಗಳಿಗೂ ಒಂದು ಮಾತು. ಟ್ರೇಲರಿನ ಹಿಂದೆ ಹೊಳೆಯುವ ಪಟ್ಟಿಯನ್ನು ಅಂಟಿಸುವ ಖರ್ಚು ಅಲ್ಪ. ಅದು ಉಳಿಸುವ ಪ್ರಾಣವು ಯಾರದೋ ಮನೆಯ ಮಗ, ಯಾರದೋ ಮನೆಯ ಸೊಸೆ. ಮೇಲೆ ಸ್ಮರಿಸಿದ ಸಿದ್ದು ನ್ಯಾಮಗೌಡರೂ ೨೦೧೮ರ ಮೇ ೨೮ರಂದು ತುಳಸಿಗೇರಿಯ ಬಳಿ ಕಾರು ಅಪಘಾತಕ್ಕೀಡಾಗಿ ಲಿಂಗೈಕ್ಯರಾದರು. ರಸ್ತೆಯು ದೊಡ್ಡವರು ಸಣ್ಣವರೆಂದು ನೋಡುವುದಿಲ್ಲ.

ಹಾದಿಯಲ್ಲಿ ಅನ್ಯರು ಬಿದ್ದುದನ್ನು ಕಂಡರೆ ಮುಖ ತಿರುಗಿಸಿ ಹೋಗಬಾರದು. ಗಾಯಾಳುವಿಗೆ ನೆರವಾದವರನ್ನು ಕಾಡಬಾರದೆಂದು ೨೦೧೯ರಲ್ಲಿ ತಿದ್ದುಪಡಿಯಾದ ಕಾನೂನೇ ಹೇಳುತ್ತದೆ. ೧೦೮ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಜೊತೆಯಲ್ಲಿ ನಿಂತರೆ ಅದೂ ಒಂದು ದಾಸೋಹವೇ. ಮಕ್ಕಳನ್ನು ನಡುವೆ ತುರುಕಿಕೊಂಡು ಮೂವರು ನಾಲ್ವರು ಒಂದೇ ಗಾಡಿಯಲ್ಲಿ ಹೋಗುವುದು ಮಾತ್ರ ಸರ್ವಥಾ ಸಲ್ಲದು. ಸವಾರನಲ್ಲದೆ ಇನ್ನೊಬ್ಬರಿಗೆ ಮಾತ್ರ ಕಾನೂನಿನಲ್ಲಿ ಎಡೆಯಿದೆ.

ಶರಣರ ದಾಂಪತ್ಯವನ್ನು ನೆನೆಯುವಾಗ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮರ ಹೆಸರು ಮೊದಲು ಬರುತ್ತದೆ. ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ತಿದ್ದಿದಳು. ಆತನು ಬೇಸರಿಸದೆ ಹಾಗೆಯೇ ಮಾಡಿದನು. ಅತಿಯಾದುದನ್ನು ಬೇಡವೆನ್ನುವ ಅಧಿಕಾರವು ಹೆಂಡತಿಗಿದೆ, ಅದನ್ನು ಕೇಳುವ ವಿನಯವು ಗಂಡನಲ್ಲಿರಬೇಕು ಎಂಬುದೇ ಆ ಕಥೆಯ ಸಾರ. ಅಂದು ಅತಿಯಾದುದು ಅಕ್ಕಿ. ಇಂದು ಅತಿಯಾಗುವುದು ವೇಗ. ಹಿಂದೆ ಕುಳಿತವಳು "ಸಾವಕಾಶ ಹೋಗ್ರಿ" ಎಂದು ಹೆಗಲ ಮೇಲೆ ಕೈಯಿಟ್ಟರೆ ಅದನ್ನು ಅಂಜಿಕೆಯೆಂದು ನಗಬಾರದು. ಅದು ಲಕ್ಕಮ್ಮನ ಮಾತೆಂದು ತಿಳಿದು ಗಂಡನು ವೇಗವನ್ನು ಇಳಿಸಬೇಕು.

ಮಗ-ಸೊಸೆಯರು ಮುಂದಿನ ರವಿವಾರ ಹೊರಟು ನಿಂತಾಗ ಹಿರಿಯರು "ಯಾಕ ಹೊಂಟೀರಿ?" ಎಂದು ಕೇಳುವುದರ ಬದಲು "ಹೆಲ್ಮೆಟ್ ಎರಡೂ ಅದಾವೇನು? ಹೊತ್ತು ಮುಳುಗೂದರಾಗ ಬರ್ತೀರೇನು?" ಎಂದು ಕೇಳಲಿ. ಆ ಎರಡು ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದರೆ ನಗುನಗುತ್ತ ಬುತ್ತಿಯನ್ನು ಕಟ್ಟಿಕೊಡಲಿ.